ಎಡಗಡೆಯ ನಾಲ್ಕು ಮಿಲಿಮೀಟರ್

ಶರಟಿನ ಮೂರನೇ ಗುಂಡಿ ಹಾಕುವಾಗ ತನ್ನ ಬೆರಳುಗಳು ಅವಸರ ಮಾಡುತ್ತಿವೆ ಎಂದು ಮೇಸ್ತ್ರಿಗೆ ಅನ್ನಿಸಿತು. ಸಭೆ ಇದ್ದದ್ದು ಹನ್ನೊಂದಕ್ಕೆ. ಈಗಿನ್ನೂ ಏಳೂವರೆ. ನಿವೃತ್ತಿಯಾದ ಮೂರು ವರ್ಷದಲ್ಲಿ ಹೊತ್ತಿಗೆ ಸರಿಯಾಗಿ ಎಲ್ಲಿಗಾದರೂ ಹೋಗಬೇಕಾದ ಪ್ರಸಂಗವೇ ಅವನಿಗೆ ಬಂದಿರಲಿಲ್ಲ. ಕೈಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಊಟದ ಮೇಜಿನ ಅಂಚು, ಕುರ್ಚಿಯ ತೋಳು, ಮಲಗಿದ ಹೆಂಡತಿಯ ಭುಜ, ಸಿಕ್ಕಿದ್ದನ್ನೆಲ್ಲ ಹೆಬ್ಬೆರಳಿನಿಂದ ಸವರಿ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ನೋಡುತ್ತಿದ್ದವು. ಹೊಸ ಸೋಪನ್ನು ಎರಡೇ ದಿನಕ್ಕೆ ಕಾರಿನ ಆಕಾರಕ್ಕೆ ತಂದಿಡುತ್ತಾರೆ, ತೊಳೆದುಕೊಳ್ಳೋದಕ್ಕೆ ನನಗೆ ಡಿಕ್ಕಿ ಮಾತ್ರ ಉಳಿದಿರುತ್ತೆ ಎಂದು ಅವಳು ನೆಂಟರ ಮುಂದೆ ಆಡಿಕೊಳ್ಳುವುದಿತ್ತು. ಕಾರ್ಖಾನೆಯಲ್ಲಿ ಹೊಸ ಕಾರಿನ ಮೈಯನ್ನು ಮೊದಲು ಮಣ್ಣಿನಲ್ಲಿ, ನಿಜವಾದ ಅಳತೆಯಲ್ಲಿ, ಕೈಯಿಂದಲೇ ತಿದ್ದಿ ಮಾಡುವ ಕೆಲಸ ಅವನದು. ಮಣ್ಣಿನ ಕೆಲಸವಾದ್ದರಿಂದ ಯಾರೋ ತಮಾಷೆಗೆ ಮೇಸ್ತ್ರಿ ಎಂದು ಕರೆದರು. ಒಂದು ಗೋಡೆಯನ್ನೂ ಕಟ್ಟದೆ ಅವನು ಮೂವತ್ತೈದು ವರ್ಷ ಮೇಸ್ತ್ರಿಯಾಗಿಯೇ ಉಳಿದ.

"ಅಂತೂ ಕಂಪನಿಗೆ ಹಳೇ ಗಂಡನ ಪಾದವೇ ಗತಿ ಆಯ್ತು ಅನ್ನಿ," ಎಂದು ಹೆಂಡತಿ ಅಡುಗೆಮನೆಯಿಂದಲೇ ನಕ್ಕಳು.

ಅವನಿಗೂ ನಗು ಬಂತು. ಕಂಪನಿ ಮುಳುಗುತ್ತಿರುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಹತ್ತು ವರ್ಷದಿಂದ ಅದು ಮಾಡುತ್ತಿದ್ದದ್ದು ಎತ್ತರದ, ದುಂಡು ಮೂಲೆಯ, ಫ್ರಿಜ್ಜನ್ನು ಮಲಗಿಸಿದಂಥ ಕಾರುಗಳು. ಮೂತಿಯ ಮೇಲಿನ ಲಾಂಛನ ಕಿತ್ತು ಬೇರೆ ಯಾರದನ್ನು ಅಂಟಿಸಿದರೂ ಹೆತ್ತವರಿಗೇ ಗುರುತು ಸಿಗುತ್ತಿರಲಿಲ್ಲ. ಹಾಗಾಗಿ ಈಗ ಅವರಿಗೆ ಚಿಗರೆ ನೆನಪಾಗಿತ್ತು. ಮೂವತ್ತನಾಲ್ಕು ವರ್ಷದ ಹಿಂದೆ ಮಾಡಿದ ಎರಡು ಬಾಗಿಲಿನ, ನೆಲಕ್ಕೆ ತಗ್ಗಿದ ಕೂಪೆ ಅದು. ಕಾಗದಪತ್ರದಲ್ಲಿ ಅದಕ್ಕೆ ಬೇರೆ ಹೆಸರಿತ್ತು, ಆದರೆ ಹಿಂದಿನ ಚಕ್ರದ ಮೇಲಿನ ಉಬ್ಬನ್ನು ನೋಡಿದ ಯಾರಿಗಾದರೂ ನೆಗೆಯಲು ಕಾಲು ಮಡಿಸಿದ ಚಿಗರೆಯೇ ಕಾಣುತ್ತಿತ್ತು. ಆ ಉಬ್ಬನ್ನು ಮಣ್ಣಿನ ಕೆಲಸದವರು ಸೊಂಟ ಅನ್ನುತ್ತಿದ್ದರು. ಅದನ್ನು ಮತ್ತೆ ಮಾಡುವುದೋ ಬೇಡವೋ ಎಂದು ಇವತ್ತು ತೀರ್ಮಾನ. ಮಾಡುವುದಾದರೆ ಮಣ್ಣಿನ ಕೆಲಸಕ್ಕೆ ನೀವೇ ಮುಂದೆ ನಿಲ್ಲಬೇಕಾಗಬಹುದು ಎಂದು ಫೋನಿನಲ್ಲಿ ಹೇಳಿದ್ದರು. ಆ ಮಾತು ಕೇಳಿದ ಮೇಲೆ ಅವನಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ. ಒಲೆಯಿಂದ ತೆಗೆದ ಬಿಸಿ ಮಣ್ಣು, ಅದರ ಮೇಣದ ವಾಸನೆ, ಉಕ್ಕಿನ ಪಟ್ಟಿ ಎಳೆದಾಗ ಕಂದು ಸುರುಳಿಯಾಗಿ ಏಳುವ ಸಿಪ್ಪೆ. ಇನ್ನೊಮ್ಮೆ, ಒಂದೇ ಒಂದು ಸಲ ಅದು ಸಿಕ್ಕರೆ ಸಾಕು ಎಂದು ಹರಕೆ ಹೊತ್ತವನ ಹಾಗೆ ಹಂಬಲಿಸಿದ್ದ. ಈ ವಯಸ್ಸಿನಲ್ಲಿ ಇಷ್ಟು ಆಸೆಪಡುವುದು ನಾಚಿಕೆಗೇಡು ಅನ್ನಿಸಿ, ಹೆಂಡತಿಗೆ ಮಾತ್ರ "ಏನೋ ಸಲಹೆ ಕೇಳ್ತಾರಂತೆ" ಎಂದಷ್ಟೇ ಹೇಳಿದ್ದ.

"ಅಣ್ಣನ್ನೂ ಕರೆದಿದಾರೇನ್ರೀ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲ," ಎಂದ. ಗೊತ್ತಿತ್ತು. ಆವತ್ತಿನ ಮಣ್ಣಿನವರು ಇನ್ನು ಯಾರಾದರೂ ಇದ್ದಾರಾ ಎಂದು ಫೋನಿನಲ್ಲಿ ಕೇಳಿದಾಗ, ನಾಲಿಗೆ ತಾನಾಗಿಯೇ "ಯಾರೂ ಇಲ್ಲ" ಎಂದುಬಿಟ್ಟಿತ್ತು. ಬದುಕಿರುವ ಭಾವನನ್ನು, ಎರಡು ಬಸ್ಸು ಬದಲಿಸಿದರೆ ಸಿಗುವ ಭಾವನನ್ನು, ಒಂದು ಉಸಿರಿನಲ್ಲಿ ಇಲ್ಲವಾಗಿಸಿದ್ದ.

ಕಾರ್ಖಾನೆಯ ಗೇಟಿನಲ್ಲಿ ಹೊಸ ಕಾವಲುಗಾರ. ಯಾರನ್ನು ನೋಡಬೇಕು ಎಂದು ಕೇಳಿದ. ಹಿಂದೆ ಈ ಗೇಟು ತನ್ನ ಸೈಕಲ್ಲಿನ ಗಂಟೆ ಕೇಳಿಯೇ ತೆರೆಯುತ್ತಿತ್ತು ಎಂದು ಹೇಳಬೇಕೆನ್ನಿಸಿದರೂ ಹೇಳಲಿಲ್ಲ. ಕೊರಳಿಗೆ 'ಸಂದರ್ಶಕ' ಎಂಬ ಬಿಲ್ಲೆ ಬಿತ್ತು. ಒಳಗೆ ಹಜಾರದ ಗೋಡೆಯ ತುಂಬ ಅವನದೇ ಚಿತ್ರ: ಇಪ್ಪತ್ತೊಂಬತ್ತರ ಹುಡುಗ, ಉದ್ದ ತೋಳಿನ ಬಿಳಿ ಅಂಗಿ, ಚಿಗರೆಯ ಸೊಂಟದ ಮೇಲೆ ಇಟ್ಟ ಕೈ. ಕೆಳಗೆ ಹೊಸದಾಗಿ ಅಚ್ಚು ಹಾಕಿಸಿದ ಸಾಲು: 'ಅದೇ ಕೈ ಮತ್ತೆ ಬರುತ್ತಿದೆಯೇ?' ಸ್ವಾಗತದ ಮೇಜಿನ ಹೆಂಗಸು ಚಿತ್ರವನ್ನೂ ಅವನನ್ನೂ ನೋಡಿ ಗುರುತು ಹಿಡಿಯದೆ ಕೂರಲು ಹೇಳಿದಳು. ಅವನು ಚಿತ್ರಕ್ಕೆ ಬೆನ್ನು ಮಾಡಿ ಕುಳಿತ. ಚಿತ್ರ ತೆಗೆದಿದ್ದು ಕಾರಿನ ಬಲಗಡೆಯಿಂದ. ಚಿಗರೆಯ ಚಿತ್ರವೆಂದರೆ ಎಲ್ಲರೂ ಬಲಗಡೆಯಿಂದಲೇ ತೆಗೆಯುತ್ತಿದ್ದರು, ಪತ್ರಿಕೆಯವರು, ಜಾಹೀರಾತಿನವರು, ಕೊಂಡವರು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಕ್ಯಾಮೆರಾ ಹಿಡಿದವರ ಕಾಲು ತಾನಾಗಿ ಆ ಕಡೆ ನಡೆಯುತ್ತಿತ್ತು. ಮೇಸ್ತ್ರಿ ಮಾಡಿದ್ದು ಎಡಗಡೆ.

ಬಲಗಡೆ ಭಾವನದು. ಆಗ ಅವನಿನ್ನೂ ಭಾವನಾಗಿರಲಿಲ್ಲ, ಎಲ್ಲರ ಬಾಯಲ್ಲೂ ಎಡಚ. ಊಟ, ಬರಹ, ಸಿಟ್ಟು ಎಲ್ಲವೂ ಎಡಗೈಯಲ್ಲೇ. ಸಾಮಾನ್ಯವಾಗಿ ಕಾರಿನ ಒಂದು ಕಡೆ ಮಾಡಿ ಮುಗಿಸಿ, ಅದನ್ನೇ ಅಳೆದು ಇನ್ನೊಂದು ಕಡೆಗೆ ಇಳಿಸುತ್ತಿದ್ದರು. ಆದರೆ ಚಿಗರೆಗೆ ಹೊತ್ತಿರಲಿಲ್ಲ. ಎರಡು ಕಡೆಗೂ ಒಬ್ಬೊಬ್ಬನನ್ನು ನಿಲ್ಲಿಸಿ, ಎಂದು ಆಗಿನ ವಿನ್ಯಾಸದ ಮುಖ್ಯಸ್ಥರು ಅಪ್ಪಣೆ ಮಾಡಿದರು. ಎಡಗಡೆ ನಿಂತ ಬಲಗೈಯವನು ಪಟ್ಟಿ ಎಳೆದರೆ ಅದು ಮೂತಿಯಿಂದ ಬಾಲದ ಕಡೆಗೆ ಹೋಗುತ್ತದೆ. ಬಲಗಡೆ ನಿಂತ ಎಡಗೈಯವನು ಎಳೆದರೂ ಮೂತಿಯಿಂದ ಬಾಲಕ್ಕೇ. ಇಬ್ಬರ ಕೈಯೂ ಒಂದೇ ದಿಕ್ಕಿಗೆ, ಗಾಳಿ ಹೋಗುವ ದಿಕ್ಕಿಗೆ. ನಡುವೆ ಕಾರಿನ ಛಾವಣಿ. ಅದರ ಮೇಲಿಂದ ಎಡಚನ ತಲೆ ಮಾತ್ರ ಕಾಣುತ್ತಿತ್ತು. "ಏನೋ, ನಿದ್ದೆ ಮಾಡ್ತಿದೀಯೇನೋ ಆ ಕಡೆ?" ಎಂದು ಕೂಗುತ್ತಿದ್ದ. ಐದು ತಿಂಗಳು ಹಾಗೆ. ಭಾನುವಾರ ಅವನ ಮನೆಯಲ್ಲಿ ಊಟ, ಬಡಿಸಲು ಅವನ ತಂಗಿ. ಅವಳನ್ನು ಮದುವೆಯಾಗುವ ಮಾತು ಬಂದಾಗ ಎಡಚ, "ನೋಡ್ಕೋ, ಅವಳ ಮೂಗು ಎಡಗಡೆ ಸ್ವಲ್ಪ ತಗ್ಗು, ಆಮೇಲೆ ವಾಪಸ್ ತಗೊಳ್ಳಲ್ಲ," ಎಂದಿದ್ದ. ಆ ಐದು ತಿಂಗಳ ಹಾಗೆ ಮತ್ತೆ ಯಾವ ದಿನವೂ ಇರಲಿಲ್ಲ, ಮದುವೆಯ ದಿನ ಕೂಡ.

"ಸರ್, ಮೇಸ್ತ್ರಿ ಸರ್ ಅಲ್ವಾ?"

ಅಳತೆಯ ವಿಭಾಗದ ಇಂಜಿನಿಯರ್. ನಲವತ್ತರ ಹೆಂಗಸು, ಕನ್ನಡಕ ತಲೆಯ ಮೇಲೆ, ಕೈಯಲ್ಲಿ ಮಗಳ ಚಿತ್ರ ಇದ್ದ ಚಹಾ ಲೋಟ. ಒಳಗೆ ಕರೆದುಕೊಂಡು ಹೋದಳು. ದೀಪದ ಕೆಳಗೆ ಒಂದು ಕೆಂಪು ಚಿಗರೆ ನಿಂತಿತ್ತು, ಯಾರದೋ ಮನೆಯಿಂದ ಎರವಲು ತಂದದ್ದು. ಅವನ ಕೈ ಕೇಳದೆಯೇ ಹೋಗಿ ಎಡಗಡೆಯ ಸೊಂಟದ ಮೇಲೆ ಕೂತಿತು. ತಗಡು ತಣ್ಣಗಿತ್ತು.

"ನಿಮ್ಮನ್ನ ಒಂದು ವಿಷಯ ಕೇಳಬೇಕಿತ್ತು, ಸಭೆಗೆ ಮುಂಚೆ," ಎಂದು ಅವಳು ದನಿ ತಗ್ಗಿಸಿದಳು. "ಇದನ್ನ ಯಂತ್ರದಲ್ಲಿ ಅಳೆದೆ. ಎರಡು ಕಡೆ ಒಂದೇ ಇಲ್ಲ. ಬಲಗಡೆ ಸೊಂಟ ನಾಲ್ಕು ಮಿಲಿಮೀಟರ್ ಎತ್ತರ. ಗುದ್ದಿಸಿಕೊಂಡು ರಿಪೇರಿ ಆಗಿರೋ ಗಾಡಿ ಇರ್ಬೇಕು ಅಂದ್ಕೊಂಡು ಇನ್ನೂ ಮೂರು ತರಿಸಿದೆ. ಎಲ್ಲದರಲ್ಲೂ ಅಷ್ಟೇ."

"ಹೌದಾ," ಎಂದ.

"ಈಗ ಕಂಪ್ಯೂಟರಿಗೆ ಒಂದು ಕಡೆ ಕೊಟ್ರೆ ಸಾಕು ಸರ್. ಇನ್ನೊಂದು ಕಡೇನ ಅದೇ ಕನ್ನಡಿ ಹಿಡಿದ ಹಾಗೆ ಮಾಡ್ಕೊಳ್ಳುತ್ತೆ. ನಾನು ಕೇಳ್ತಿರೋದು ಇಷ್ಟೇ. ಯಾವ ಕಡೆ ಕೊಡ್ಲಿ? ಯಾವುದು ಸರಿ?"

ಯಾವುದು ಸರಿ. ಇದೇ ಪ್ರಶ್ನೆಯನ್ನು ಮುಖ್ಯಸ್ಥರು ಕೇಳಿದ್ದರು, ಇದೇ ಕೋಣೆಯಲ್ಲಿ, ಒಂದು ಸೋಮವಾರ. ಅದಕ್ಕೆ ಹಿಂದಿನ ಶುಕ್ರವಾರ ಎಡಚ ಅವನನ್ನು ಬಲಗಡೆಗೆ ಕರೆದು, "ಕಣ್ಣು ಮುಚ್ಕೊಂಡು ಕೈ ಇಡೋ" ಎಂದಿದ್ದ. ಇಟ್ಟ. ನಕ್ಷೆಯಲ್ಲಿ ಇಲ್ಲದ ಒಂದು ಏರು. ಕಣ್ಣಿಗೆ ಕಾಣದಷ್ಟೇ, ಆದರೆ ಕೈಗೆ ಅದು ಉಸಿರು ಎಳೆದುಕೊಂಡ ಹಾಗೆ ತಿಳಿಯಿತು. ಅವನಿಗೆ ಸಂತೋಷಕ್ಕಿಂತ ಮೊದಲು ಬಂದದ್ದು ಒಂದೇ ಯೋಚನೆ. ಇದು ತನ್ನ ಕೈಗೆ ಹೊಳೆಯಲಿಲ್ಲವಲ್ಲ. "ಹೀಗೇ ಬಿಡು. ನಾನೂ ಇಷ್ಟಕ್ಕೆ ಏರಿಸ್ತೀನಿ," ಎಂದ. ಎಡಚ ಮಣ್ಣು ಮೆತ್ತಿದ ಕೈಯಿಂದಲೇ ಅವನ ಬೆನ್ನಿಗೆ ಗುದ್ದಿದ. ಶನಿವಾರ ಬಲಗಡೆಯ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು, ತಗಡು ಒತ್ತುವ ವಿಭಾಗಕ್ಕೆ ಕಳಿಸಿಯೂ ಆಯಿತು, ಇನ್ನು ಆ ಕಡೆಯನ್ನು ತಿದ್ದುವಂತಿರಲಿಲ್ಲ. ಸೋಮವಾರ ಮುಖ್ಯಸ್ಥರು ಅಳತೆಗೋಲು ಹಿಡಿದು ಬಂದರು. ಒಂದು ಕಡೆ ಅಳೆದರು, ಇನ್ನೊಂದು ಕಡೆ ಅಳೆದರು. ಕಿವಿ ಕೆಂಪಾಯಿತು. ಯಾವುದು ಸರಿ ಎಂದು ಗುಡುಗಿದರು. "ನಂದು ನಕ್ಷೆ ಪ್ರಕಾರ ಇದೆ ಸರ್," ಎಂದು ಮೇಸ್ತ್ರಿ ಹೇಳಿದ. ಸುಳ್ಳಲ್ಲ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಛಾವಣಿಯ ಆಚೆಯಿಂದ ಎಡಚ ಅವನನ್ನೇ ನೋಡಿದ, ಕಾಯುವವನ ಹಾಗೆ ನೋಡಿದ, ಆಮೇಲೆ ಹೋಗಿ ಕೈ ತೊಳೆದುಕೊಂಡ. ಅದೇ ದಿನ ಅವನನ್ನು ಅಂಗಳದಾಚೆಯ ಜೋಡಣೆಯ ಶೆಡ್ಡಿಗೆ ಹಾಕಿದರು. ಎರಡು ತಿಂಗಳಿಗೆ ಕೆಲಸವನ್ನೇ ಬಿಟ್ಟ. ಕಾರು ಎರಡು ಬಗೆಯ ಸೊಂಟ ಹೊತ್ತುಕೊಂಡೇ ರಸ್ತೆಗಿಳಿಯಿತು, ಯಾರೂ ಉಸಿರೆತ್ತಬಾರದೆಂದು ಕಟ್ಟಪ್ಪಣೆಯಾಯಿತು. ಮುಂದೆ ಮದುವೆಯೂ ಆಯಿತು. ಧಾರೆ ಎರೆದ ಮೇಲೆ ಎಡಚ ಹತ್ತಿರ ಬಂದು, "ನನ್ನ ತಂಗೀನ ಚೆನ್ನಾಗಿ ನೋಡ್ಕೊಳ್ಳಿ," ಎಂದ. ನೋಡ್ಕೊಳ್ಳಿ. ಅಂದಿನಿಂದ ಅವನು ಬಹುವಚನದಿಂದ ಕೆಳಗೆ ಇಳಿದಿರಲಿಲ್ಲ.

"ಸಭೇಲಿ ಹೇಳ್ತೀನಮ್ಮ," ಎಂದು ಇಂಜಿನಿಯರಿಗೆ ಹೇಳಿದ.

ಸಭೆಯ ಕೋಣೆಯಲ್ಲಿ ಎಂಟು ಜನ. ನಡುವೆ ಕಂಪನಿಯ ಹೊಸ ನಿರ್ದೇಶಕಿ, ಎಲ್ಲರೂ ಬರೀ ಮೇಡಂ ಅನ್ನುತ್ತಿದ್ದರು. ಸಣ್ಣ ಆಕೃತಿ, ನೆಟ್ಟಗೆ ಕೂರುವ ಅಭ್ಯಾಸ. ಮಾರಾಟದ ಮುಖ್ಯಸ್ಥ ಆಗಲೇ ಮಾತಿಗೆ ನಿಂತಿದ್ದ. "ಮೇಡಂ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಗುತ್ತೆ. ಎರಡು ಬಾಗಿಲಿನ ಕಾರು ಇವತ್ತು ಯಾರಿಗೆ ಬೇಕು? ಅತ್ತೇನ ಎಲ್ಲಿ ಕೂರಿಸ್ತಾರೆ?"

"ಅತ್ತೇನ ಕೂರಿಸೋಕೆ ಜಾಗ ಇಲ್ಲ ಅಂತಲೇ ಕೊಳ್ಳೋರು ಇರಬಹುದು," ಎಂದರು ಮೇಡಂ. ಎಲ್ಲರೂ ನಕ್ಕರು. "ನೋಡಿ, ನಮ್ಮ ಹೆಸರು ಹೇಳಿದ್ರೆ ಜನಕ್ಕೆ ನೆನಪಾಗೋದು ಆ ಒಂದೇ ಕಾರು. ಆದ್ರೆ ನೆನಪಿಗೆ ಅಂತ ಕಾರು ಮಾಡೋಕಾಗಲ್ಲ. ಈಗ ನೋಡಿದವರಿಗೆ ಈಗಲೇ ಬೇಕು ಅನ್ನಿಸಬೇಕು. ಅನ್ನಿಸುತ್ತಾ? ಅದಕ್ಕೇ ಇವರನ್ನ ಕರೆಸಿದ್ದು."

ಎಂಟು ಮುಖ ತಿರುಗಿದವು. ಗೋಡೆಯ ಪರದೆಯ ಮೇಲೆ ಬೂದು ಬಣ್ಣದ ಚಿಗರೆ ನಿಧಾನ ಸುತ್ತುತ್ತಿತ್ತು, ಅದರ ಬಲಸೊಂಟದ ಮೇಲೆ ಕೆಂಪು ಮಚ್ಚೆ. ಇಂಜಿನಿಯರ್ ಸಂಗತಿಯನ್ನು ನಾಲ್ಕು ಮಾತಲ್ಲಿ ಹೇಳಿ ಅವನ ಕಡೆ ನೋಡಿದಳು. ಎಡಗಡೆ ಎಂದರೆ ಮುಗಿಯಿತು. ನಕ್ಷೆಯ ಸಾಕ್ಷಿ ಇದೆ. ತನ್ನ ಸೊಂಟವೇ ಎರಡೂ ಕಡೆ ಬರುತ್ತದೆ, ಹಜಾರದ ಚಿತ್ರ ಕೊನೆಗೂ ನಿಜವಾಗುತ್ತದೆ, ಮಣ್ಣು ಮತ್ತೆ ಕೈಗೆ ಸಿಗುತ್ತದೆ.

"ಬಲಗಡೆ ಕೊಡಿ," ಎಂದ. "ಅದು ನಾನು ಮಾಡಿದ್ದಲ್ಲ. ನಮ್ಮ ಭಾವ ಮಾಡಿದ್ದು."

ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲಾಗಲಿಲ್ಲ. ಶುಕ್ರವಾರದ ಮಾತು, ಸೋಮವಾರದ ಅಳತೆಗೋಲು, ತಾನು ಆಡಿದ ಆ ಒಂದು ವಾಕ್ಯ, ಫೋನಿನಲ್ಲಿ 'ಯಾರೂ ಇಲ್ಲ' ಎಂದ ಸುಳ್ಳು, ಎಲ್ಲ ಹೇಳಿದ. ಅಷ್ಟು ಹೊತ್ತಿಗೆ ಕಾಲ ಮೀರಿತ್ತು, ಎಡಗಡೆಯನ್ನು ಏರಿಸಲು ಹೊತ್ತು ಸಿಗಲಿಲ್ಲ ಎಂದ. ಹೇಳುತ್ತಾ ಹೇಳುತ್ತಾ ಮೈ ಹಗುರಾಯಿತು, ಕಣ್ಣಲ್ಲಿ ನೀರು ಕೂಡ ಬಂತು. ಮುಗಿಸಿದಾಗ ಮಾರಾಟದವನು ಗಡಿಯಾರ ನೋಡಿಕೊಳ್ಳುತ್ತಿದ್ದ. "ಅಯ್ಯೋ, ಅದೆಲ್ಲ ಹಳೇ ಕಥೆ ಬಿಡಿ ಸಾರ್," ಎಂದ, ಸಮಾಧಾನ ಹೇಳುವ ದನಿಯಲ್ಲಿ. ಮೂವತ್ತನಾಲ್ಕು ವರ್ಷ ಎದೆಯಲ್ಲಿಟ್ಟುಕೊಂಡದ್ದು ಇವರ ಮೇಜಿನ ಮೇಲೆ ಬಿದ್ದು ಸದ್ದೇ ಆಗಲಿಲ್ಲವಲ್ಲ ಎಂದು ಅವನಿಗೆ ಅವಮಾನವಾಯಿತು.

ಇಂಜಿನಿಯರ್ ಏನೋ ಒತ್ತಿದಳು. ಪರದೆಯ ಮೇಲೆ ಎಡಗಡೆ ಅಳಿಸಿಹೋಯಿತು. ಬಲಗಡೆ ಮಗುಚಿ ಬಂದು ಅದರ ಜಾಗದಲ್ಲಿ ಕೂತಿತು. ಕಾರು ಸುತ್ತಿ, ಹಿಂಭಾಗವನ್ನು ಅವರ ಕಡೆ ಮಾಡಿ ನಿಂತಿತು, ಎರಡೂ ಸೊಂಟ ಒಟ್ಟಿಗೆ ಎತ್ತಿಕೊಂಡು. ಮಾರಾಟದವನ ಕೈ ಗಡಿಯಾರದ ಮೇಲೆಯೇ ಉಳಿಯಿತು. ಚಿಗರೆ ಈಗ ನಿಂತಿರಲಿಲ್ಲ. ನೆಗೆಯುವ ಮುಂಚಿನ ಕ್ಷಣದಲ್ಲಿತ್ತು. ಇಷ್ಟು ಚೆಂದದ ಒಂದು ವಸ್ತು ಇರಲು ಸಾಧ್ಯವೆಂದು ಎಡಚನಿಗೆ ಮಾತ್ರ ಗೊತ್ತಿತ್ತು. ಜಗತ್ತು ಇಷ್ಟು ವರ್ಷ ಮೆಚ್ಚಿದ್ದು ಅದರ ಅರ್ಧವನ್ನು, ಉಳಿದರ್ಧವನ್ನು ತಾನು ಕೊಟ್ಟಿರಲಿಲ್ಲ. ಮೇಸ್ತ್ರಿ ಎಂಟು ಜನರ ಮುಂದೆ ಎಂಬುದನ್ನೂ ಮರೆತು ಕೈಯನ್ನು ಗಾಳಿಯಲ್ಲಿ ಆ ಏರಿನ ಮೇಲೆ ಸವರಿದ.

"ಇದನ್ನ ಮಾಡೋಣ," ಎಂದ ಮಾರಾಟದವನು, ತನಗೇ ಆಶ್ಚರ್ಯವಾದವನ ಹಾಗೆ.

ಮೇಡಂ ತಡವಾಗಿ ತಲೆಯಾಡಿಸಿದರು. ಆಮೇಲೆ ಅವನ ಕಡೆ ತಿರುಗಿದರು. "ಕಾರು ಮಾಡ್ತೀವಿ. ಅದು ತೀರ್ಮಾನ ಆಯ್ತು. ಮಣ್ಣಿನ ಕೆಲಸ ನೀವೂ ನಿಮ್ಮ ಭಾವನೂ ಬರೋದಾದ್ರೆ ಕೈಯಲ್ಲೇ ಮಾಡಿಸ್ತೀನಿ, ಆರು ತಿಂಗಳು ಕೊಡ್ತೀನಿ. ನೀವೊಬ್ರೇ ಆದ್ರೆ ಬೇಡ, ತಪ್ಪು ತಿಳ್ಕೋಬೇಡಿ. ಯಂತ್ರವೇ ಕೆತ್ತಲಿ. ಅವರನ್ನ ಕೇಳಿ ಸಂಜೆ ಒಳಗೆ ಹೇಳಿ."

ಎರಡು ಬಸ್ಸು. ಕಿಟಕಿಯ ಪಕ್ಕ ಕುಳಿತು, ಭಾವ ಎಂಥ ಅಂಗಿ ಹಾಕಿಕೊಂಡು ಬರಬಹುದು, ಒಲೆಯನ್ನು ಎಷ್ಟು ಹೊತ್ತಿಗೆ ಹಚ್ಚಬೇಕು, ಛಾವಣಿಯ ಆಚೆ ತಲೆ ಈಗಲೂ ಕಾಣುತ್ತದೋ ಇಲ್ಲವೋ, ಇಬ್ಬರೂ ಕುಗ್ಗಿದ್ದೇವಲ್ಲ, ಎಂದೆಲ್ಲ ಯೋಚಿಸಿದ. ಹೇಳಿಬಿಟ್ಟಿದ್ದೇನೆ, ಎಂಟು ಜನರ ಮುಂದೆ ಹೇಳಿದ್ದೇನೆ. ಈ ಒಂದು ಮಾತು ಅವನಿಗೆ ತಲುಪಿಸಿದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ. ಮದುವೆಗೆ ಹೊರಟ ಹುಡುಗನ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಭಾವ ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಯ ಹಿತ್ತಿಲಿನ ಒಂದು ಉದ್ದ ಕೋಣೆಯಲ್ಲಿ. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವ ಕಾರ್ಖಾನೆ. ಗೋಡೆಯುದ್ದಕ್ಕೂ ಪ್ಲಾಸ್ಟರಿನ ಮೊಣಕಾಲುಗಳು ಸಾಲಾಗಿ ನಿಂತಿದ್ದವು. ಕಾರಿನ ಕಾರ್ಖಾನೆ ಬಿಟ್ಟ ವರ್ಷವೇ ಇಲ್ಲಿಗೆ ಸೇರಿದವನು, ಅರವತ್ತಾರಾದರೂ ಆಸ್ಪತ್ರೆಯವರು ಬಿಡುತ್ತಿರಲಿಲ್ಲ. ಕೈಯಲ್ಲಿ ಉಕ್ಕಿನ ಪಟ್ಟಿ. ಎಡಗೈಯಲ್ಲಿ. ಅದು ನಡುಗುತ್ತಿರಲಿಲ್ಲ.

"ಬನ್ನಿ," ಎಂದ ಭಾವ. "ತಂಗಿ ಚೆನ್ನಾಗಿದಾಳಾ?"

"ಚೆನ್ನಾಗಿದಾಳೆ. ಭಾವ, ಚಿಗರೆ ಮತ್ತೆ ಮಾಡ್ತಾರಂತೆ." ಇಡೀ ದಾರಿ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಒಂದರ ಮೇಲೊಂದು ಬಿದ್ದವು. "ನಿನ್ನ ಕಡೇನೇ ತಗೊಂಡ್ರು. ಎರಡೂ ಕಡೆ ನಿನ್ನದೇ. ನಾನೇ ಹೇಳ್ದೆ. ಎಲ್ಲಾ ಹೇಳಿಬಿಟ್ಟೆ, ಆವತ್ತು ನಾನು ಹಾಗಂದುಬಿಟ್ಟೆ ಅಂತ, ನಿನಗೆ ಕೊಟ್ಟ ಮಾತು ನಡೆಸೋಕೆ ಹೊತ್ತು ಸಿಗಲಿಲ್ಲ ಅಂತ. ನಾವಿಬ್ರೂ ಬಂದ್ರೆ ಕೈಯಲ್ಲೇ ಮಾಡಿಸ್ತಾರಂತೆ. ಬಾ ಭಾವ. ಆರೇ ತಿಂಗಳು."

ಭಾವ ಪ್ಲಾಸ್ಟರಿನ ಮೊಣಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದ. ಒಂದು ಕಡೆ ಚೂರು ಕೆರೆದ.

"ಎಡಗಡೆಗೆ ಪ್ಲಾಸ್ಟರಿನವರು ಬಂದಿದ್ದು ಗುರುವಾರ," ಎಂದ.

ಮೇಸ್ತ್ರಿಯ ಹೆಬ್ಬೆರಳು ಮೇಜಿನ ಅಂಚನ್ನು ಸವರತೊಡಗಿತು.

"ಮುಖ್ಯಸ್ಥರು ಸೋಮವಾರ ಮಧ್ಯಾಹ್ನವೇ ಊರಿಗೆ ಹೋದ್ರು. ಮಂಗಳವಾರ, ಬುಧವಾರ, ಗುರುವಾರ ಬೆಳಿಗ್ಗೆ. ಮಣ್ಣು ನಿಮ್ಮ ಕೈಯಲ್ಲೇ ಇತ್ತು. ಯಾರೂ ಮತ್ತೆ ಅಳೀತಿರಲಿಲ್ಲ." ದನಿಯಲ್ಲಿ ಸಿಟ್ಟು ಇರಲಿಲ್ಲ, ರೋಗಿಗೆ ಪಟ್ಟಿ ಕಟ್ಟುವುದು ಹೇಗೆಂದು ಹೇಳಿಕೊಡುವವನ ಹಾಗೆ ಹೇಳುತ್ತಿದ್ದ. "ಮುಖ್ಯಸ್ಥರ ಮುಂದೆ ನೀವು ಹಾಗಂದಿದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಹೆದರಿಕೆ ಆಗುತ್ತೆ, ನನಗೂ ಆಗ್ತಿತ್ತು. ಹೋಗ್ಲಿ, ಆಮೇಲೆ ಏರಿಸ್ತಾರೆ, ಕಾರು ಸರಿ ಹೋಗುತ್ತೆ ಅಂದ್ಕೊಂಡೆ. ನಾನು ಶೆಡ್ಡಲ್ಲಿದ್ರೆ ಏನು, ಕಾರು ಆಗುತ್ತಲ್ಲ ಅಂತ."

ಕೋಣೆಯ ಆಚೆ ತುದಿಯಲ್ಲಿ ಯಾರೋ ಎರಡು ಕಂಬಿ ಹಿಡಿದುಕೊಂಡು ಹೊಸ ಕಾಲಿನ ಮೇಲೆ ನಡೆಯುವುದನ್ನು ಕಲಿಯುತ್ತಿದ್ದರು. ಒಂದು ಹೆಜ್ಜೆ ಗಟ್ಟಿ, ಒಂದು ಮೆತ್ತಗೆ. ಮೇಸ್ತ್ರಿಗೆ ಆ ಮೂರು ದಿನ, ಯಾವತ್ತೂ ನೆನಪಿಗೆ ಬರಗೊಡದಿದ್ದ ಆ ಮೂರು ದಿನ, ಗಂಟೆ ಗಂಟೆಯಾಗಿ ನೆನಪಾದವು. ಕೋಣೆಯಲ್ಲಿ ತಾನೊಬ್ಬನೇ. ಒಲೆಯಲ್ಲಿ ಬಿಸಿ ಮಣ್ಣು ಸಿದ್ಧವಾಗಿಯೇ ಇತ್ತು. ಒಂದು ಮುಷ್ಟಿ ಸಾಕಾಗಿತ್ತು. ಏರಿಸಿದ್ದರೆ ಕಾರು ಎರಡೂ ಕಡೆ ಎಡಚನದೇ ಆಗಿಬಿಡುತ್ತಿತ್ತು. ತನಗೆ ಅದು ಬೇಡವಾಗಿತ್ತು. ಹೊತ್ತು ಸಿಗಲಿಲ್ಲ ಎಂದು ಮೊದಲು ಯಾರಿಗೆ ಹೇಳಿದ್ದು, ಹೆಂಡತಿಗೋ ತನಗೋ, ಅದೊಂದು ನೆನಪಾಗಲಿಲ್ಲ.

"ನಾನು ಬರಲ್ಲ," ಎಂದ ಭಾವ. "ನನಗೆ ಇಲ್ಲಿ ಕೆಲಸ ಇದೆ. ಬೇಜಾರು ಮಾಡ್ಕೋಬೇಡಿ."

"ಆ ಮೂರು ದಿನ ನಾನು ಏನು ಮಾಡ್ತಿದ್ದೆ ಅಂತ..." ಎಂದು ಮೇಸ್ತ್ರಿ ಶುರುಮಾಡಿದ.

"ಗೊತ್ತು. ಶೆಡ್ಡಿಂದ ಕಾಣ್ತಿತ್ತು, ಕಿಟಕಿಗೆ ಅಂಟಿಸಿದ್ದ ಕಾಗದ ಒಂದು ಕಡೆ ಹರಿದಿತ್ತು. ನಿಮ್ಮ ಕಡೇನ ಉಜ್ತಾ ಇದ್ರಿ. ಮೂರೂ ದಿನ ಉಜ್ಜಿದ್ರಿ." ಭಾವ ಮೊಣಕಾಲನ್ನು ಮೇಜಿನ ಮೇಲಿಟ್ಟು, ಕೈಗೆ ಮೆತ್ತಿದ್ದ ಬಿಳಿ ಪುಡಿಯನ್ನು ಕೊಡವಿ, ಮೊದಲ ಸಲ ಅವನ ಮುಖ ನೋಡಿದ. "ತುಂಬ ಚೆನ್ನಾಗಿ ಉಜ್ಜಿದ್ರಿ," ಎಂದ. ಅದರಲ್ಲಿ ಕೊಂಕಿರಲಿಲ್ಲ. ಒಬ್ಬ ಕೆಲಸಗಾರ ಇನ್ನೊಬ್ಬನ ಕೆಲಸ ನೋಡಿ ಹೇಳಿದ ಮಾತಾಗಿತ್ತು ಅದು.